‘ಆಜಿ, ಬಸಾ’

ಪ್ರಶ್ನೆ: ನಮ್ಮ ಅವ್ವನಿಗೆ 78 ವರ್ಷ. ವಿಜಯಪುರ ಕಡೆಯವರು, ಶುದ್ಧ ಸಸ್ಯಾಹಾರಿ. ಅಪ್ಪ ತೀರಿಹೋದ ಮೇಲೆ ಚಿಂಚವಡದಲ್ಲಿ ನಮ್ಮ ಜೊತೆಗೇ ಇದ್ದರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಹಗಲೆಲ್ಲ ಅವರು ಒಬ್ಬರೇ. ಎಂಟು ತಿಂಗಳ ಹಿಂದೆ ಸಿಂಹಗಡ ರಸ್ತೆ ಕಡೆಯ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ಜಾಗ ಸ್ವಚ್ಛ, ಜನ ಒಳ್ಳೆಯವರು. ಆದರೆ ಸೇರುವಾಗ 52 ಕಿಲೋ ಇದ್ದವರು ಈಗ 46. ಶುಗರ್, ಬಿಪಿ ಇದೆ, ಮೊಣಕಾಲು ನೋವು. ಮಳೆಗಾಲದಲ್ಲಿ ಒಮ್ಮೆ ಬಚ್ಚಲಲ್ಲಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಅಂದಿನಿಂದ ಅಡ್ಡಾಡುವುದೇ ನಿಂತಿದೆ. ಊಟ ಅರ್ಧಕ್ಕೇ ಬಿಡುತ್ತಾರಂತೆ. ಪ್ರೋಟೀನ್ ಪೌಡರ್ ತಂದುಕೊಡಲೇ? ಈ ವಯಸ್ಸಲ್ಲಿ ವ್ಯಾಯಾಮ ಮಾಡಿಸಬಹುದೇ, ಅಥವಾ ಆರಾಮಾಗಿ ಇರಲಿ ಎಂದು ಬಿಡಬೇಕೆ? ಆಶ್ರಮದವರ ಜೊತೆ ಜಗಳ ಮಾಡುವ ಮನಸ್ಸಿಲ್ಲ.
ಓದುಗರು, ಚಿಂಚವಡ, ಪುಣೆ

ಉತ್ತರ: ಪೌಡರ್ ಡಬ್ಬಿ ಆಮೇಲೆ ನೋಡೋಣ. ಮೊದಲು ಆ 6 ಕಿಲೋ ವಿಷಯ. 52ರಲ್ಲಿ 6 ಎಂದರೆ ನೂರಕ್ಕೆ ಹನ್ನೊಂದಕ್ಕಿಂತ ಜಾಸ್ತಿ. ವಯಸ್ಸಾದವರಲ್ಲಿ ಆರು ತಿಂಗಳಿಗೆ ನೂರಕ್ಕೆ ಐದು ಇಳಿದರೇ ನಾವು ಗಾಬರಿಯಾಗುತ್ತೇವೆ. ‘ವಯಸ್ಸಾಯ್ತು, ಇಳಿಯೋದೇ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಈ ವಾರವೇ ವೈದ್ಯರಿಗೆ ತೋರಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಕಿಡ್ನಿಯ ಕ್ರಿಯಾಟಿನಿನ್, ಬಿ12, ವಿಟಮಿನ್ ಡಿ, ಮೂರು ತಿಂಗಳ ಶುಗರ್ (HbA1c), ಇಷ್ಟು ಪರೀಕ್ಷೆ ಆಗಲಿ. ಬಾಯಿ ತೆರೆಸಿ ಹಲ್ಲು ನೋಡಿಸಿ. ಮನಸ್ಸು ಕುಗ್ಗಿದೆಯೇ ಎಂದೂ ಕೇಳಲು ಹೇಳಿ. ಮನೆ ಬಿಟ್ಟು ಬಂದವರಿಗೆ ಮೊದಲ ವರ್ಷ ಅನ್ನ ಗಂಟಲಲ್ಲಿ ಇಳಿಯದೇ ಇರಲು ಅದೂ ಒಂದು ಕಾರಣ. ಶುಗರ್‌ಗೆ ಮೆಟ್‌ಫಾರ್ಮಿನ್ ಇದ್ದರೆ ಅದನ್ನೂ ತಿಳಿಸಿ. ಆ ಮಾತ್ರೆ ಕೆಲವರಿಗೆ ಹಸಿವು ಕಡಿಮೆ ಮಾಡುತ್ತದೆ, ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಸುತ್ತದೆ. ಸಸ್ಯಾಹಾರಿಗಳಿಗೆ ಬಿ12 ಮೊದಲೇ ಕೊರತೆ.

ಇಷ್ಟು ವೈದ್ಯರ ಕೆಲಸ. ಉಳಿದದ್ದು ನನ್ನದು, ನಿಮ್ಮದು, ಆಶ್ರಮದ ಮಾವಶಿಯದು. (ಹಿರಿಯರನ್ನು ನೋಡಿಕೊಳ್ಳುವ ಹೆಂಗಸಿಗೆ ಇಲ್ಲಿ ಮಾವಶಿ ಎನ್ನುತ್ತಾರೆ.)

ನಾನು ಧಾರವಾಡ ಕಡೆಯ ಫಿಜಿಯೋಥೆರಪಿಸ್ಟ್. ಪುಣೆಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ವಾರದಲ್ಲಿ ಮೂರು ದಿನ ವೃದ್ಧಾಶ್ರಮಗಳಿಗೆ ಹೋಗುತ್ತೇನೆ. ಬೆಳಿಗ್ಗೆ ಹನ್ನೊಂದಕ್ಕೆ ಯಾವ ಆಶ್ರಮಕ್ಕೆ ಹೋದರೂ ಹಾಲ್ ಒಂದೇ ತರಹ ಕಾಣುತ್ತದೆ. ಗೋಡೆಗುಂಟ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಎದುರಿಗೆ ಟಿವಿಯಲ್ಲಿ ಮರಾಠಿ ಧಾರಾವಾಹಿ. ಅರ್ಧ ಜನ ನೋಡುತ್ತಾರೆ, ಅರ್ಧ ಜನ ತೂಕಡಿಸುತ್ತಾರೆ. ಅಷ್ಟರಲ್ಲಿ ಒಬ್ಬ ಆಜಿ ಕುರ್ಚಿಯ ಎರಡೂ ಕೈಗೆ ಅಂಗೈ ಊರುತ್ತಾರೆ. ಮುಂದಕ್ಕೆ ಬಾಗುತ್ತಾರೆ. ಸೊಂಟ ಎರಡು ಬೆರಳಷ್ಟು ಮೇಲೇಳುತ್ತದೆ. ಆ ಕಡೆಯಿಂದ ಮಾವಶಿಯ ದನಿ ಬರುತ್ತದೆ: ‘ಆಜಿ, ಬಸಾ! ಪಡಾಲ!’ ಕೂತ್ಕೊಳ್ಳಿ ಅಜ್ಜಿ, ಬೀಳ್ತೀರಿ. ಆಜಿ ಧೊಪ್ಪನೆ ಕೂರುತ್ತಾರೆ. ಒಂದು ದಿನ ಸುಮ್ನೆ ಕೂತು ಎಣಿಸಿದೆ. ಒಂದು ಗಂಟೆಯಲ್ಲಿ ಹದಿನಾಲ್ಕು ಸಲ ‘ಬಸಾ’. ಹೇಳಿದ ಮಾವಶಿ ಕೆಟ್ಟವಳಲ್ಲ. ಆ ಹಾಲಿನಲ್ಲೇ ಎಲ್ಲರಿಗಿಂತ ಪ್ರೀತಿ ಇದ್ದವಳು ಅವಳು.

ನಿಮ್ಮ ಅವ್ವನೂ ಮಳೆಗಾಲದಿಂದ ಈ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳಿರಬಹುದು ಎಂದು ಲೆಕ್ಕ ಹಾಕಿ. ಅವರು ಕಳೆದುಕೊಂಡ 6 ಕಿಲೋದಲ್ಲಿ ಕೊಬ್ಬು ಒಂದಿಷ್ಟು ಇದ್ದೀತು. ಆದರೆ ಕೂತೇ ಇರುವವರು, ಅದೂ ಅರೆಹೊಟ್ಟೆಯಲ್ಲಿ ಇರುವವರು, ಬಹಳ ಮಟ್ಟಿಗೆ ಕಳೆದುಕೊಳ್ಳುವುದು ತೊಡೆಯ, ಸೊಂಟದ, ಮೀನಖಂಡದ ಸ್ನಾಯು. ಎಷ್ಟು ಬೇಗ ಹೋಗುತ್ತದೆ ಗೊತ್ತೇ? ಅಮೆರಿಕದಲ್ಲಿ 2007ರಲ್ಲಿ ಒಂದು ಅಧ್ಯಯನ ಬಂತು. ಆರೋಗ್ಯವಾಗಿಯೇ ಇದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಊಟದಲ್ಲಿ ಸಾಮಾನ್ಯವಾಗಿ ಸಾಕು ಎನ್ನುವಷ್ಟು ಪ್ರೋಟೀನ್ ಇತ್ತು. ಹತ್ತನೇ ದಿನಕ್ಕೆ ಬರೀ ಕಾಲುಗಳಲ್ಲೇ ಸುಮಾರು 1 ಕಿಲೋ ಸ್ನಾಯು ಕರಗಿತ್ತು. ಹತ್ತೇ ದಿನ! ನಿಮ್ಮ ಅವ್ವ ತಿಂಗಳುಗಟ್ಟಲೆ ಕೂತಿದ್ದಾರೆ.

ಹೀಗಾಗಿ ‘ಆರಾಮಾಗಿ ಇರಲಿ’ ಎನ್ನುವ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ.

ಇನ್ನು ಪೌಡರ್. ನನ್ನದೇ ಒಂದು ತಪ್ಪು ಹೇಳುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬಂದಾಗ ಒಬ್ಬ ಆಜೋಬಾಗೆ, ಅಂದರೆ ಅಜ್ಜನಿಗೆ, ದುಬಾರಿ ಪ್ರೋಟೀನ್ ಪೌಡರ್ ಬರೆದುಕೊಟ್ಟೆ. ಕಾಲು ಬಹಳ ಸೋತಿದೆ, ಮೊದಲು ಸ್ವಲ್ಪ ಶಕ್ತಿ ಬರಲಿ, ಆಮೇಲೆ ವ್ಯಾಯಾಮ ಶುರು ಮಾಡೋಣ ಎಂದುಕೊಂಡೆ. ಮಗ ತಿಂಗಳು ತಿಂಗಳು ತಪ್ಪದೆ ಡಬ್ಬಿ ತಂದರು. ಆರು ತಿಂಗಳ ಮೇಲೆ ನೋಡಿದರೆ ಹೊಟ್ಟೆ ಒಂದಿಷ್ಟು ಬಂದಿತ್ತು. ಕುರ್ಚಿಯಿಂದ ಏಳಲು ಮೊದಲಿಗಿಂತ ಜಾಸ್ತಿ ಕಷ್ಟ. ಇದಕ್ಕೆ ಉತ್ತರ 1994ರಲ್ಲೇ ಸಿಕ್ಕಿತ್ತು, ನಾನೇ ಸರಿಯಾಗಿ ಓದಿರಲಿಲ್ಲ. ಬೋಸ್ಟನ್ನಿನ ಒಂದು ಆರೈಕೆ ಮನೆಯಲ್ಲಿ ನೂರು ಜನರ ಮೇಲೆ ನಡೆದ ಅಧ್ಯಯನ ಅದು. ಸರಾಸರಿ ವಯಸ್ಸು 87. ಕೆಲವರಿಗೆ ಕಾಲಿಗೆ ಭಾರ ಹಾಕಿ ಹತ್ತು ವಾರ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಕಾಲಿನ ಬಲ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ನಡೆಯುವ ವೇಗ, ಮೆಟ್ಟಿಲು ಹತ್ತುವ ಶಕ್ತಿ ಎಲ್ಲ ಏರಿತು. ಬರೀ ಪೇಯ ಕುಡಿದವರ ಕಾಲಿನ ಬಲದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ನಾನು ಬರೆದುಕೊಟ್ಟ ಚೀಟಿಯ ಕಥೆಯೂ ಅದೇ. ಸ್ನಾಯುವಿಗೆ ಕೆಲಸ ಕೊಡದೆ ಮೇವು ಹಾಕಿದ್ದೆ.

87 ವರ್ಷದವರ ಕಾಲಿನ ಬಲ ಹತ್ತೇ ವಾರದಲ್ಲಿ ಎರಡು ಪಟ್ಟಾಗುತ್ತದೆ ಎಂದರೆ ನಿಮ್ಮ 78ರ ಅವ್ವ ಇನ್ನೂ ಚಿಕ್ಕವರೇ ಅಲ್ವಾ? ಪುಣೆಯ ಪರ್ವತಿ ಬೆಟ್ಟದ 103 ಮೆಟ್ಟಿಲನ್ನು ದಿನಾ ಬೆಳಿಗ್ಗೆ ಹತ್ತಿ ಇಳಿಯುವ ಅವರ ವಾರಿಗೆಯ ಅಜ್ಜ ಅಜ್ಜಿಯರನ್ನು ನೀವೂ ನೋಡಿರುತ್ತೀರಿ. ಅವರ ಕಾಲು ಬೇರೆ ಮಣ್ಣಿನದಲ್ಲ.

ಮಾಡಿಸಬೇಕಾದದ್ದು ಏನು? ಯಾವ ಯಂತ್ರವೂ ಬೇಡ. ಒಂದು ಗಟ್ಟಿ ಕುರ್ಚಿ ಸಾಕು. ಮೊದಲು ಕುರ್ಚಿ ನೋಡಿ. ಆಶ್ರಮಗಳ ಪ್ಲಾಸ್ಟಿಕ್ ಕುರ್ಚಿ ನಡುವಿನಲ್ಲಿ ಬಗ್ಗಿರುತ್ತದೆ, ಕೂತವರು ಹಳ್ಳಕ್ಕೆ ಬಿದ್ದ ಹಾಗೆ ಕೂರುತ್ತಾರೆ. ಅದರಿಂದ ಏಳುವುದು ನಿಮಗೂ ಕಷ್ಟ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಸೊಂಟ ಮೊಣಕಾಲಿಗೆ ಸಮ ಇರಬೇಕು, ಇಲ್ಲವೇ ಒಂದು ಬೆರಳು ಮೇಲಿರಬೇಕು. ಕೈ ಇರುವ ಮರದ ಕುರ್ಚಿ ಒಳ್ಳೆಯದು. ಅದು ಜರುಗದಂತೆ ಬೆನ್ನು ಗೋಡೆಗೆ ತಾಗಿಸಿ ಇಡಿ.

ಇನ್ನು ಏಳುವುದು. ಇದನ್ನು ನಾನು ಪ್ರತಿಯೊಬ್ಬರಿಗೂ ಹೊಸದಾಗಿ ಕಲಿಸುತ್ತೇನೆ, ಯಾಕೆಂದರೆ ಬಿದ್ದವರು ಹೆದರಿ ಹಿಂದಕ್ಕೆ ವಾಲಿಕೊಂಡೇ ಏಳಲು ನೋಡುತ್ತಾರೆ. ಹಿಂದಕ್ಕೆ ವಾಲಿದರೆ ಯಾರೂ ಏಳಲಾರರು. ಅವ್ವ ಕುರ್ಚಿಯ ಅಂಚಿಗೆ ಸರಿದು ಬರಲಿ. ಪಾದ ಎರಡೂ ಮೊಣಕಾಲಿಗಿಂತ ತುಸು ಹಿಂದೆ ಇರಲಿ. ನಡುವೆ ಒಂದು ಗೇಣು ಅಂತರ. ಈಗ ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಲಿ. ನಮಸ್ಕಾರಕ್ಕೆ ಬಾಗಿದ ಹಾಗೆ. ಆಗ ಸೊಂಟ ತಾನಾಗಿಯೇ ಹಗುರಾಗುತ್ತದೆ. ಅಲ್ಲಿಂದ ಉಸಿರು ಬಿಡುತ್ತಾ ಏಳಲಿ. ಮೊದಲ ವಾರ ಕುರ್ಚಿಯ ಕೈ ಹಿಡಿಯಲಿ, ಪರವಾಗಿಲ್ಲ. ನಿಂತು ಮೂರು ಎಣಿಸಲಿ. ಕೂರುವುದು ಇದಕ್ಕಿಂತ ಮುಖ್ಯ: ಧೊಪ್ಪನೆ ಅಲ್ಲ, ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾ ನಿಧಾನ. ತೊಡೆಗೆ ನಿಜವಾದ ಕೆಲಸ ಸಿಗುವುದು ಇಳಿಯುವಾಗ.

ಇದನ್ನು ಐದು ಸಲ. ಯಾವಾಗ? ತಟ್ಟೆ ಬರುವ ಮೊದಲು. ಬೆಳಗಿನ ತಿಂಡಿಗೆ ಐದು, ಮಧ್ಯಾಹ್ನದ ಊಟಕ್ಕೆ ಐದು, ರಾತ್ರಿ ಐದು. ‘ದಿನಾ ಸಂಜೆ ಅರ್ಧ ಗಂಟೆ ವ್ಯಾಯಾಮ ಮಾಡಿಸಿ’ ಎಂದು ನಾನು ಎಷ್ಟು ಆಶ್ರಮಗಳಲ್ಲಿ ಬರೆದಿಟ್ಟು ಬಂದಿದ್ದೇನೋ ಲೆಕ್ಕವಿಲ್ಲ. ಯಾವುದೂ ಎರಡು ವಾರ ದಾಟಲಿಲ್ಲ. ಹತ್ತು ಜನರನ್ನು ನೋಡುವ ಒಬ್ಬ ಮಾವಶಿಗೆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಊಟ ಮಾತ್ರ ದಿನಕ್ಕೆ ಮೂರು ಸಲ ಬಂದೇ ಬರುತ್ತದೆ. ಅದಕ್ಕೇ ಗಂಟು ಹಾಕಿದೆ. ಈಗ ಒಂದು ಆಶ್ರಮದಲ್ಲಿ ತಟ್ಟೆ ಹಿಡಿದು ಬಂದ ಮಾವಶಿ ‘ಆಜಿ, ಉಠಾ’, ಏಳಿ ಅಜ್ಜಿ, ಎನ್ನುತ್ತಾಳೆ. ಐದು ಆದ ಮೇಲೆ ತಟ್ಟೆ ಇಡುತ್ತಾಳೆ. ಎರಡು ನಿಮಿಷದ ಕೆಲಸ.

ಎರಡು ಮೂರು ವಾರದಲ್ಲಿ ಐದು ಸುಲಭ ಆಗುತ್ತದೆ. ಆಗ ಎಂಟು ಮಾಡಿ. ಆಮೇಲೆ ಒಂದೇ ಕೈ ಹಿಡಿದು. ಆಮೇಲೆ ಕೈ ಎದೆಗೆ ಕಟ್ಟಿ. ಸುಲಭವಾದದ್ದನ್ನೇ ಮಾಡುತ್ತಾ ಕೂತರೆ ಬಲ ಬರುವುದಿಲ್ಲ. ಕೊನೆಯ ಎರಡು ಸಲ ಏಳುವಾಗ ‘ಅಯ್ಯೋ ಶಿವನೇ’ ಎನ್ನಿಸಬೇಕು, ಆದರೂ ಮಾತಾಡಲು ಉಸಿರಿರಬೇಕು. ಅದೇ ಅಳತೆ.

ಇದರ ಜೊತೆಗೆ ಎರಡೇ. ಕಿಟಕಿಯ ಸರಳು ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು ಒಂದು. ಅದೇ ಸರಳು ಹಿಡಿದು ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತುವುದು ಇನ್ನೊಂದು. ಒಂದೊಂದು ಹತ್ತು ಸಲ. ತಿಂಗಳಾದ ಮೇಲೆ ಕಾಲಿಗೆ ಅರ್ಧ ಕಿಲೋ ವೇಟ್‌ಕಫ್ (ತೂಕದ ಪಟ್ಟಿ) ಕಟ್ಟಬಹುದು. ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೆಂದರೆ ಉದ್ದ ಸಾಕ್ಸ್‌ನಲ್ಲಿ ಉಪ್ಪು ತುಂಬಿ ಕಟ್ಟಿ. ನಾನೇ ಹಾಗೆ ಮಾಡಿಸಿದ್ದೇನೆ.

ನಡಿಗೆಗೆ ‘ಅಡ್ಡಾಡಿ’ ಎಂದರೆ ಯಾರೂ ಅಡ್ಡಾಡಲ್ಲ. ಒಂದು ಕಾರಣ ಬೇಕು. ಪೂಜೆಗೆ ಹೂ ಕೀಳಲು ಅಂಗಳಕ್ಕೆ ಹೋಗುವುದು, ಪಕ್ಕದ ಕೋಣೆಯ ಗೆಳತಿಗೆ ಪೇಪರ್ ಕೊಟ್ಟು ಬರುವುದು, ಊಟಕ್ಕೆ ಕೋಣೆ ಬಿಟ್ಟು ಹಾಲಿಗೆ ಬರುವುದು. ನಿಮ್ಮ ಅವ್ವನಿಗೆ ವಾಕರ್ ಕೊಟ್ಟಿದ್ದರೆ ಅದು ಎಲ್ಲಿದೆ ನೋಡಿ. ಸಾಮಾನ್ಯವಾಗಿ ಎದುರಿನ ಗೋಡೆಗೆ ಒರಗಿರುತ್ತದೆ, ಅದನ್ನು ಹಿಡಿಯಲು ಮೊದಲು ನಾಲ್ಕು ಹೆಜ್ಜೆ ವಾಕರ್ ಇಲ್ಲದೆ ನಡೆಯಬೇಕು! ಕೈಗೆ ಎಟುಕುವಂತೆ ಇಡಿಸಿ.

ಆಶ್ರಮಗಳ ಜಾಹೀರಾತಿನಲ್ಲಿ ಹಾಸ್ಯಯೋಗ, ಪ್ರಾಣಾಯಾಮ, ಭಜನೆ ಎಲ್ಲ ಇರುತ್ತದೆ. ಇರಲಿ, ನನಗೂ ಇಷ್ಟ. ಆದರೆ ಕೂತು ನಕ್ಕರೆ ತೊಡೆ ಗಟ್ಟಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲ ಕಾಯ್ದುಕೊಳ್ಳುವ ವ್ಯಾಯಾಮ ಮಾಡಬೇಕು ಎನ್ನುತ್ತದೆ. ಆಸ್ಟ್ರೇಲಿಯಾದ 16 ಆರೈಕೆ ಮನೆಗಳಲ್ಲಿ ಇಂಥ ವ್ಯಾಯಾಮ ಮಾಡಿಸಿ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ವ್ಯಾಯಾಮ ಮಾಡಿದವರು ಬೀಳುವುದು ಅರ್ಧಕ್ಕಿಂತ ಕಡಿಮೆಯಾಗಿತ್ತು. ‘ಎದ್ದರೆ ಬೀಳ್ತಾರೆ’ ಎನ್ನುವವರಿಗೆ ಇದನ್ನೇ ಹೇಳಿ.

ಮೊಣಕಾಲು ನೋವಿಗೆ ಹೆದರಬೇಡಿ. ತೊಡೆ ಗಟ್ಟಿಯಾದರೆ ಸವೆದ ಮೊಣಕಾಲಿಗೂ ಹೊರೆ ಕಡಿಮೆ. ಮಾಡುವಾಗ ಸ್ವಲ್ಪ ನೋವು ಸರಿ. ಮರುದಿನಕ್ಕೂ ಜಾಸ್ತಿ ಇದ್ದರೆ, ಊದಿಕೊಂಡರೆ, ಎತ್ತರದ ಕುರ್ಚಿ ತಗೊಳ್ಳಿ, ಸಂಖ್ಯೆ ಕಡಿಮೆ ಮಾಡಿ. ಎದೆನೋವು, ಉಸಿರು ಕಟ್ಟುವುದು, ತಲೆ ಗಿರ್ರನ್ನುವುದು ಆದರೆ ನಿಲ್ಲಿಸಿ ವೈದ್ಯರನ್ನು ಕರೆಯಬೇಕು.

ತಲೆ ಗಿರ್ರನ್ನುವುದು ಎಂದಾಗ ನೆನಪಾಯಿತು. ಅವ್ವ ಬಚ್ಚಲಲ್ಲಿ ಬಿದ್ದದ್ದು ಎಷ್ಟು ಗಂಟೆಗೆ? ಕೇಳಿದ್ದೀರಾ? ನಾನು ಮೊದಲು ಕೇಳುವ ಪ್ರಶ್ನೆ ಇದು. ನೆಲ ಒದ್ದೆ ಇತ್ತು ಎಂದು ಎಲ್ಲರೂ ಹೇಳುತ್ತಾರೆ, ಬಚ್ಚಲು ಒದ್ದೆ ಇರದೆ ಇನ್ನೇನು? ಹಾಸಿಗೆಯಿಂದ ಎದ್ದ ಕೂಡಲೇ ಬಿದ್ದಿದ್ದರೆ ಎದ್ದು ನಿಂತಾಗ ಬಿಪಿ ಇಳಿಯುತ್ತಿದೆಯೇ ನೋಡಬೇಕು. ಮಲಗಿದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಲಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಬಿಪಿ ಮಾತ್ರೆಯ ಬಗ್ಗೆ ವೈದ್ಯರು ಯೋಚಿಸಬೇಕು. ಊಟಕ್ಕೆ ಮುಂಚೆ ಬಿದ್ದಿದ್ದರೆ ಶುಗರ್ ಇಳಿದಿತ್ತೇ ಎಂದು ಕೇಳಬೇಕು. ಗ್ಲಿಮೆಪಿರೈಡ್ ತರಹದ ಶುಗರ್ ಮಾತ್ರೆ ಪೂರ್ತಿ ತಗೊಂಡು ಊಟ ಅರ್ಧ ಬಿಟ್ಟರೆ ಶುಗರ್ ದಿಢೀರನೆ ಇಳಿಯುತ್ತದೆ. ಮಾತ್ರೆ ಬರೆದದ್ದು 52 ಕಿಲೋ ಇದ್ದು ಹೊಟ್ಟೆತುಂಬ ಉಣ್ಣುತ್ತಿದ್ದ ಅವ್ವನಿಗೆ. ಈಗ ಇರುವುದು ಅರ್ಧ ಉಣ್ಣುವ 46 ಕಿಲೋದ ಅವ್ವ. ನೀವೇ ನಿಲ್ಲಿಸಬೇಡಿ, ಆದರೆ ಈ ಮಾತು ವೈದ್ಯರ ಕಿವಿಗೆ ಬೀಳಲೇಬೇಕು. ಮಾತ್ರೆ ಸರಿಹೋಗುವವರೆಗೆ ತೀರಾ ಖಾಲಿ ಹೊಟ್ಟೆಯಲ್ಲಿ ಏಳಿಸುವುದು ಬೇಡ. ಒಂದು ಲೋಟ ಹಾಲು ಕುಡಿದು ಮಾಡಲಿ.

ಈಗ ಊಟ. ಪುಣೆಯ ಆಶ್ರಮಗಳ ಊಟ ನನಗೆ ಬಾಯಿಪಾಠ. ಏಳಕ್ಕೆ ಚಹಾ, ಎರಡು ಬಿಸ್ಕಿಟ್. ಒಂಬತ್ತಕ್ಕೆ ಪೋಹೆ (ಅವಲಕ್ಕಿ) ಅಥವಾ ಉಪ್ಪಿಟ್ಟು. ಹನ್ನೆರಡೂವರೆಗೆ ಪೋಳಿ (ಚಪಾತಿ), ಭಾಜಿ (ಪಲ್ಯ), ತೆಳ್ಳನೆಯ ವರಣ (ತೊವ್ವೆ), ಅನ್ನ. ನಾಲ್ಕಕ್ಕೆ ಚಹಾ, ಖಾರಿ (ಪದರುಪದರಾದ ಉಪ್ಪು ಬಿಸ್ಕಿಟ್). ಸಂಜೆ ಏಳಕ್ಕೆ ಖಿಚಡಿ. ಕೆಟ್ಟ ಊಟವಲ್ಲ. ಆದರೆ ಇದರಲ್ಲಿ ಪ್ರೋಟೀನ್ ಕೂಡಿಸಿ ನೋಡಿದರೆ ಪೂರ್ತಿ ಉಂಡರೂ 40 ಗ್ರಾಂ ದಾಟುವುದು ಕಷ್ಟ. ಅರ್ಧ ಬಿಟ್ಟರೆ 20ರ ಆಸುಪಾಸು. ನಮ್ಮ ದೇಶದ 2020ರ ಲೆಕ್ಕದಲ್ಲಿ ಎಲ್ಲ ವಯಸ್ಕರಿಗೂ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಎಂದಿದೆ. ಹಿರಿಯರ ತಜ್ಞರು 1ರಿಂದ 1.2 ಗ್ರಾಂ ಬೇಕು ಎನ್ನುತ್ತಾರೆ, ಸೊರಗಿದವರಿಗೆ ಇನ್ನೂ ಜಾಸ್ತಿ. ನಿಮ್ಮ ಅವ್ವನಿಗೆ ದಿನಕ್ಕೆ 55 ಗ್ರಾಂ ಗುರಿ ಇಟ್ಟುಕೊಳ್ಳಿ. ಇದಕ್ಕೆ ಮೊದಲು ಆ ಕ್ರಿಯಾಟಿನಿನ್ ವರದಿ ಬಂದಿರಬೇಕು. ಕಿಡ್ನಿ ಸೋತಿದ್ದರೆ ಲೆಕ್ಕವೇ ಬೇರೆ, ವೈದ್ಯರು ಹೇಳಿದಷ್ಟೇ.

ಅಂದರೆ ಇನ್ನೂ 35 ಗ್ರಾಂ ಎಲ್ಲಿಂದಲಾದರೂ ತರಬೇಕು. ತಟ್ಟೆಯನ್ನು ದೊಡ್ಡದು ಮಾಡಿ ಪ್ರಯೋಜನವಿಲ್ಲ, ಹಸಿವಿಲ್ಲದವರು ದೊಡ್ಡ ತಟ್ಟೆ ನೋಡಿಯೇ ಸಾಕೆನ್ನುತ್ತಾರೆ. ಇರುವ ತುತ್ತನ್ನೇ ಗಟ್ಟಿ ಮಾಡಬೇಕು. ಬೆಳಿಗ್ಗೆ ಮತ್ತು ರಾತ್ರಿ ಒಂದೊಂದು ಲೋಟ ಹಾಲು, ಪ್ರತಿ ಲೋಟಕ್ಕೆ ಒಂದು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಕಲಸಿ: ಎರಡೂ ಸೇರಿ 18 ಗ್ರಾಂ. ಇದೇ ನನ್ನ ಪ್ರೋಟೀನ್ ಪೌಡರ್, ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಮಧ್ಯಾಹ್ನ ಒಂದು ಬಟ್ಟಲು ಗಟ್ಟಿ ಮೊಸರು, 5 ಗ್ರಾಂ. ಎರಡು ದೊಡ್ಡ ಚಮಚ ಶೇಂಗಾ ಚಟ್ನಿ, ಇನ್ನೊಂದು 5. ಒಂದು ಬಟ್ಟಲು ಮಡಿಕೆ ಕಾಳು ಅಥವಾ ಹೆಸರು ಕಾಳಿನ ಉಸಳಿ, 7. ಲೆಕ್ಕ ಸರಿಹೋಯಿತು ಅಲ್ವಾ? ಇವುಗಳಲ್ಲಿ ಯಾವುದೂ ವಿಜಯಪುರದವರಿಗೆ ಹೊಸದಲ್ಲ.

ಹಾಲು ಮೊಸರಿನ ಬಗ್ಗೆ ನಾನು ಇಷ್ಟು ಹಟ ಮಾಡಲು ಕಾರಣವಿದೆ. ಆಸ್ಟ್ರೇಲಿಯಾದ 60 ಆರೈಕೆ ಮನೆಗಳಲ್ಲಿ, 7,000ಕ್ಕೂ ಜಾಸ್ತಿ ಹಿರಿಯರ ಮೇಲೆ ಎರಡು ವರ್ಷ ಒಂದು ಅಧ್ಯಯನ ನಡೆಯಿತು. ಅರ್ಧ ಮನೆಗಳ ಊಟದಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಿದರು, ಅಷ್ಟೇ. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಮನೆಗಳಲ್ಲಿ ಸೊಂಟದ ಮೂಳೆ ಮುರಿಯುವುದು ನೂರಕ್ಕೆ 46ರಷ್ಟು ಕಡಿಮೆಯಾಯಿತು. ಬೀಳುವುದೂ 11ರಷ್ಟು ಇಳಿಯಿತು. ಅಡುಗೆಮನೆಯಲ್ಲೇ ಆದ ಕೆಲಸ ಇದು.

ಇನ್ನು ಅವ್ವ ಅರ್ಧ ಊಟ ಬಿಡುವುದೇಕೆ? ನೀವು ಫೋನ್‌ನಲ್ಲಿ ಕೇಳಿದರೆ ‘ಹಸಿವಿಲ್ಲವ್ವ’ ಎನ್ನುತ್ತಾರೆ. ಊಟದ ಹೊತ್ತಿಗೇ ಹೋಗಿ ಪಕ್ಕದಲ್ಲಿ ಕೂತು ನೋಡಿ. ಹೆಚ್ಚಿನ ಮಕ್ಕಳು ನಾಲ್ಕು ಗಂಟೆಗೆ ಹೋಗುತ್ತಾರೆ, ಚಹಾ ಕುಡಿದು ಬರುತ್ತಾರೆ. ಹನ್ನೆರಡೂವರೆಗೆ ಹೋದರೆ ಕಾಣುವುದೇ ಬೇರೆ. ಪೋಳಿಯ ಅಂಚು ಬಾಯಲ್ಲಿ ಆಡಿಸಿ ತಟ್ಟೆಯ ಪಕ್ಕಕ್ಕೆ ಇಡುತ್ತಿದ್ದರೆ ಹಲ್ಲಿನ ತೊಂದರೆ. ತೂಕ ಇಳಿದಾಗ ವಸಡು ಕುಗ್ಗಿ ಹಲ್ಲಿನ ಸೆಟ್ ಸಡಿಲಾಗುತ್ತದೆ, ಅವರು ಹೇಳಿಕೊಳ್ಳುವುದಿಲ್ಲ. ಕುಡಿಯುವಾಗ, ನುಂಗುವಾಗ ಪದೇ ಪದೇ ಕೆಮ್ಮು ಬಂದರೆ ಕೂಡಲೇ ವೈದ್ಯರಿಗೆ ಹೇಳಿ, ಅದು ಬೇರೆ ವಿಷಯ.

ಒಬ್ಬ ಬಾಗಲಕೋಟೆ ಕಡೆಯ ಅಜ್ಜಿಯ ಕಥೆ ಹೇಳುತ್ತೇನೆ. ಅವರೂ ಹೀಗೇ ಸೊರಗಿದ್ದರು. ಒಂದು ದಿನ ‘ಏನು ತಿನ್ನಬೇಕನಿಸ್ತದ?’ ಎಂದು ಕೇಳಿದೆ. ‘ನುಚ್ಚು ಮಜ್ಜಿಗಿ’ ಎಂದರು. ಹಾಗಾದರೆ ಕೇಳಬಾರದೇ ಎಂದೆ. ‘ಕೇಳಿದ್ನಪ್ಪ. ಅವರಿಗೆ ನುಚ್ಚು ಗೊತ್ತಿಲ್ಲ.’ ಗೊತ್ತಿಲ್ಲದೆ ಏನು? ಅಡುಗೆಯವಳು ಸೋಲಾಪುರದವಳು. ಅವಳು ಅದನ್ನು ಜ್ವಾರಿಚ್ಯಾ ಕಣ್ಯಾ ಎನ್ನುತ್ತಾಳೆ, ಅಷ್ಟೇ. ಹೆಸರು ಹೇಳಿದ ಕೂಡಲೇ ಅವಳ ಮುಖ ಅರಳಿತು, ತನಗೂ ಇಷ್ಟವಂತೆ. ಮರುದಿನ ಬಿಸಿ ಕಣ್ಯಾ, ತಾಕ, ಅಂದರೆ ಮಜ್ಜಿಗೆ. ಅಜ್ಜಿ ಎರಡು ಬಟ್ಟಲು ಉಂಡರು. ನೀವೂ ಒಂದು ಚೀಟಿಯಲ್ಲಿ ಮರಾಠಿ ಹೆಸರು ಬರೆದು ಅಡುಗೆಮನೆಗೆ ಕೊಡಿ. ನಮ್ಮ ಹಿಟ್ಟಿನ ಪಲ್ಯ ಅವರ ಪಿಠಲ. ಮಡಿಕೆ ಕಾಳು ಮಟಕಿ. ಜೋಳದ ರೊಟ್ಟಿ ಭಾಕರಿ ಎನ್ನುವುದು ನಿಮಗೆ ಗೊತ್ತೇ ಇದೆ. ಹಲ್ಲಿಲ್ಲದವರಿಗೆ ಬಿಸಿ ಭಾಕರಿ ಮುರಿದು ಹಾಲಿನಲ್ಲೋ ಗಟ್ಟಿ ವರಣದಲ್ಲೋ ನೆನೆಸಿ ಕೊಟ್ಟರೆ ಪೋಳಿಗಿಂತ ಸಲೀಸಾಗಿ ಇಳಿಯುತ್ತದೆ. ಶೇಂಗಾ ಚಟ್ನಿ ಮಾತ್ರ ನೀವೇ ಮನೆಯಿಂದ ಸಣ್ಣಗೆ ಕುಟ್ಟಿ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ, ಮೊಸರಿನಲ್ಲಿ ಕಲಸಿ ಕೊಡಲಿ. ಊರಿನ ವಾಸನೆ ಬಂದರೆ ಅನ್ನವೂ ನಾಲ್ಕು ತುತ್ತು ಜಾಸ್ತಿ ಹೋಗುತ್ತದೆ.

ಶುಗರ್ ಇದೆ ಎಂದು ಕೆಲವು ಕಡೆ ಅನ್ನ ಬೇಡ, ಬಟಾಟೆ ಬೇಡ, ಬಾಳೆಹಣ್ಣು ಬೇಡ ಎಂದು ಕೋಣೆಯ ಗೋಡೆಗೆ ಪಟ್ಟಿ ಅಂಟಿಸಿರುತ್ತಾರೆ. 46 ಕಿಲೋಗೆ ಬಂದವರಿಗೆ ಈ ಪಟ್ಟಿ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಮಾಡುತ್ತದೆ. ಹಲವು ಕಾಯಿಲೆ ಇರುವ ಹಿರಿಯರಿಗೆ ಮೂರು ತಿಂಗಳ ಶುಗರ್ 8ರೊಳಗೆ ಇದ್ದರೆ ಸಾಕು ಎಂದು ಅಮೆರಿಕದ ಮಧುಮೇಹ ಸಂಘವೇ ಹೇಳುತ್ತದೆ. ನಲವತ್ತು ವರ್ಷದವರ ಗುರಿಯನ್ನು ಇವರಿಗೆ ಹಾಕಬಾರದು. ಸಿಹಿ ಚಹಾ, ಖಾರಿ, ಬಿಸ್ಕಿಟ್ ಬೇಕಾದರೆ ಬಿಡಿಸಿ. ಅನ್ನ, ಹಣ್ಣು ಕಿತ್ತುಕೊಳ್ಳಬೇಡಿ.

ನೀರಿನ ಮಾತು. ಹೆಂಗಸರು ದಿನಕ್ಕೆ ನೀರು, ಮಜ್ಜಿಗೆ, ಹಾಲು, ಚಹಾ ಎಲ್ಲ ಸೇರಿ ಒಂದೂವರೆ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಕುಡಿಯಬೇಕು. ಹೃದಯದ ಅಥವಾ ಕಿಡ್ನಿಯ ತೊಂದರೆಗೆ ವೈದ್ಯರು ಮಿತಿ ಹಾಕಿದ್ದರೆ ಅಷ್ಟೇ. ಆಶ್ರಮದಲ್ಲಿ ಬಹಳ ಜನ ಅಷ್ಟು ಕುಡಿಯುವುದೇ ಇಲ್ಲ. ಬಾಯಾರಿಕೆ ಇಲ್ಲ ಎನ್ನುತ್ತಾರೆ. ಬಗೆದು ಕೇಳಿದರೆ ನಿಜ ಹೊರಬರುತ್ತದೆ: ನೀರು ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋಗಬೇಕಾದರೆ ಮಾವಶಿಯನ್ನು ಕರೆಯಬೇಕು, ಪಾಪ ಅವಳಿಗೆ ಎಷ್ಟು ಕೆಲಸ. ನಿಮ್ಮ ಅವ್ವ ಬಚ್ಚಲಲ್ಲೇ ಬಿದ್ದವರು, ಹೆದರಿಕೆ ಬೇರೆ. ನೀರು ಬಿಟ್ಟರೆ ಮಲಬದ್ಧತೆ, ಉರಿಮೂತ್ರ, ತಲೆತಿರುಗು, ಮತ್ತೆ ಹಸಿವಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸಿ, ಜಾರದ ಚಪ್ಪಲಿ ಕೊಡಿಸಿ, ರಾತ್ರಿಗೆ ಸಣ್ಣ ದೀಪ ಇರಲಿ. ತಾನಾಗಿಯೇ ಎದ್ದು ಹೋಗಬಲ್ಲೆ ಎನ್ನುವ ಧೈರ್ಯ ಬಂದ ದಿನ ನೀರೂ ಕುಡಿಯುತ್ತಾರೆ.

ಕೊನೆಗೆ, ಜಗಳವಿಲ್ಲದೆ ಇದನ್ನೆಲ್ಲ ಮಾಡಿಸುವುದು ಹೇಗೆ ಎಂದಿರಿ. ನೋಡಿ ಅಕ್ಕಾ, ಇದು ನಿಮಗೆ ಸ್ವಲ್ಪ ಚುಚ್ಚಬಹುದು. ಆ ಮಾವಶಿ ‘ಬಸಾ’ ಎನ್ನುವುದು ಅವ್ವನಿಗೆ ಹೆದರಿ ಅಲ್ಲ, ನಿಮಗೆ ಹೆದರಿ. ಮಳೆಗಾಲದಲ್ಲಿ ಅವ್ವ ಬಿದ್ದ ದಿನ ನಿಮಗೆ ಫೋನ್ ಬಂದಿರುತ್ತದೆ. ನಿಮ್ಮ ಮೊದಲ ಮಾತು ಏನಿತ್ತು, ನೆನಪು ಮಾಡಿಕೊಳ್ಳಿ. ‘ನೀವೆಲ್ಲ ಏನು ಮಾಡ್ತಿದ್ರಿ?’ ಎಂದು ಕೇಳದ ಮಗ ಮಗಳನ್ನು ನಾನು ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟೇ ನೋಡಿದ್ದೇನೆ. ನನ್ನ ಅಪ್ಪ ಬಿದ್ದಾಗ ನಾನೂ ಅದನ್ನೇ ಕೇಳಿದ್ದೆ, ಈ ವೃತ್ತಿಯಲ್ಲಿದ್ದೂ. ತೂಕ 6 ಕಿಲೋ ಇಳಿದದ್ದಕ್ಕೆ ಆಶ್ರಮವನ್ನು ಯಾರೂ ಬಯ್ಯುವುದಿಲ್ಲ. ಒಂದು ಸಲ ಬಿದ್ದರೆ ಬಯ್ಯುತ್ತಾರೆ. ಅವರು ಕೂರಿಸದೆ ಇನ್ನೇನು ಮಾಡಿಯಾರು?

ಹಾಗಾಗಿ ಮೊದಲು ನೀವು ಹೋಗಿ ಹೇಳಿ. ಮ್ಯಾನೇಜರ್‌ಗೂ ಹೇಳಿ, ಮಾವಶಿಗೂ ಹೇಳಿ, ಬೇಕಾದರೆ ಬರೆದೂ ಕೊಡಿ: ಅವ್ವ ಎದ್ದು ಓಡಾಡಲಿ, ನೀವು ಜೊತೆಗಿದ್ದು ನೋಡಿಕೊಳ್ಳಿ, ಅಷ್ಟಾದರೂ ಬಿದ್ದರೆ ನಿಮ್ಮನ್ನು ದೂರುವುದಿಲ್ಲ. ಇದಾದ ಮೇಲೆ ಚೀಟಿ ಕೊಡಿ, ಕುರ್ಚಿ ಕೊಡಿ. ಕೆಲಸ ಆಗುತ್ತದೆ. ಪ್ರತಿ ತಿಂಗಳು 1ನೇ ತಾರೀಕು ತೂಕ ನೋಡಿ ಒಂದು ವಹಿಯಲ್ಲಿ ಬರೆಯಲು ಹೇಳಿ. ನೀವು ಹೋದಾಗ ಹಾಸಿಗೆಯ ಅಂಚಿಗೆ ಕೂತು ಮಾತಾಡುವ ಬದಲು ಅವ್ವನ ಕೈ ಹಿಡಿದು ಗೇಟಿನವರೆಗೆ ಹೋಗಿ ಬನ್ನಿ. ಮಾವಶಿಗೆ ಅದು ಕಾಣಲಿ.

ಶುರು ಮಾಡುವ ದಿನ ಒಂದು ಪರೀಕ್ಷೆ ಮಾಡಿ. ಮೊಬೈಲ್‌ನಲ್ಲಿ 30 ಸೆಕೆಂಡ್ ಇಟ್ಟು, ಕೈ ಎದೆಗೆ ಕಟ್ಟಿ ಎಷ್ಟು ಸಲ ಎದ್ದು ಕೂರುತ್ತಾರೆ ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ. ಅವರ ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಕೈ ಊರಿದರೆ ಸೊನ್ನೆ. ನಿಮ್ಮ ಅವ್ವನಿಗೆ ಮೊದಲ ದಿನ ಬಹುಶಃ ಸೊನ್ನೆಯೇ ಬರುತ್ತದೆ, ಮುಖ ಸಪ್ಪೆ ಮಾಡಬೇಡಿ, ಬರೆದಿಡಿ. ಒಂದು ಟೇಪು ತಗೊಂಡು ಮೀನಖಂಡದ ದಪ್ಪ ಜಾಗದ ಸುತ್ತಳತೆಯನ್ನೂ ಬರೆದಿಡಿ, 31 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ವೈದ್ಯರಿಗೆ ತೋರಿಸುವಾಗ ಹೇಳಿ. ಹತ್ತು ವಾರದ ಮೇಲೆ ಅದೇ ಕುರ್ಚಿಯಲ್ಲಿ ಅದೇ ಪರೀಕ್ಷೆ ಮತ್ತೆ ಮಾಡಿ, ಎರಡೂ ಅಂಕಿ ನನಗೆ ಬರೆದು ಕಳಿಸಿ. ಕುರ್ಚಿಯ ಎತ್ತರವನ್ನೂ ಬರೆಯಿರಿ, ಮರೆಯಬೇಡಿ.